ಚಲನವಲನ ವಹಿ ಮತ್ತು ಅರವತ್ತನಾಲ್ಕು ಡ್ರಮ್ಮು

ಡಲ್ಲಾಸ್ ಕನ್ನಡಿಗರ ಹಬ್ಬದೂಟದಲ್ಲಿ ಹೊಸಬರು ಯಾರಾದರೂ ಬದರಿನಾಥರನ್ನು, "ಅಂಕಲ್, ನೀವು ಯಾವ ಕಂಪನಿ?" ಎಂದು ಕೇಳಿದರೆ, ಅವರು ಹಪ್ಪಳ ಮುರಿಯುತ್ತ "ಮುನ್ಸಿಪಾಲಿಟಿ" ಎನ್ನುತ್ತಾರೆ. ಕೇಳಿದವನು ತಮಾಷೆ ಇರಬೇಕೆಂದು ನಗುತ್ತಾನೆ. ಹಾಲ್ ತುಂಬ ಸಾಫ್ಟ್‌ವೇರ್‌ನವರೇ ಇರುವಾಗ ಅವನದೇನೂ ತಪ್ಪಿಲ್ಲ.

"ನಿಜಾನೇ ಕಣಪ್ಪ. ಯೂಲೆಸ್ ಆಚೆ ಪೀಕನ್ ಬೆಂಡ್ ಅಂತ ಒಂದು ಪುಟ್ಟ ಊರು. ಅದರ ಲೆಕ್ಕ ಬರೆಯೋನು ನಾನು."

ಪಕ್ಕದಲ್ಲಿ ಕೂತ ಹೆಂಡತಿ ರಾಜಲಕ್ಷ್ಮಿ ಸುಮ್ಮನಿರುವವರಲ್ಲ. "ಮೈಸೂರಲ್ಲಿ ಬಿಟ್ಟು ಬಂದ ಸರ್ಕಾರಿ ಕುರ್ಚೀನ ಇಲ್ಲಿಗೆ ಬಂದೂ ಹುಡುಕ್ಕೊಂಡ್ರು ನೋಡಿ," ಎಂದು ಸೇರಿಸುತ್ತಾರೆ.

ಅದೂ ನಿಜವೇ. ಬದರಿನಾಥರು ಮೈಸೂರಿನ ಜಿಲ್ಲಾ ಖಜಾನೆಯಲ್ಲಿ ಹತ್ತೊಂಬತ್ತು ವರ್ಷ ಬಿಲ್ಲು ಪಾಸು ಮಾಡಿದವರು. ರಾಜಲಕ್ಷ್ಮಿಯವರ ಕಂಪನಿ ಅವರನ್ನು ಟೆಕ್ಸಾಸ್‌ಗೆ ಕಳಿಸಿದಾಗ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹಿಂದೆಯೇ ಬಂದರು. ಆಗ ನಲವತ್ತೇಳು ವಯಸ್ಸು. ಬೆಳಿಗ್ಗೆ ಹೆಂಡತಿ ಕಾರು ತೆಗೆದುಕೊಂಡು ಆಫೀಸಿಗೆ ಹೋದ ಮೇಲೆ ಮಾಡುವುದಕ್ಕೆ ಏನೂ ಇಲ್ಲದೆ, ಒಂದೂವರೆ ಮೈಲಿ ನಡೆದು ಊರಿನ ಲೈಬ್ರರಿಗೆ ಹೋಗಿ ಕೂರುತ್ತಿದ್ದರು. ಟೆಕ್ಸಾಸ್ ಬಿಸಿಲಲ್ಲಿ ನಡೆದು ಹೋಗುವವನನ್ನು ಕಂಡರೆ ಜನ ಕಾರು ನಿಲ್ಲಿಸಿ, "ಗಾಡಿ ಕೆಟ್ಟಿತಾ?" ಎಂದು ಕೇಳುತ್ತಾರೆ. ಇವರು ಪ್ರತಿದಿನ ಇಬ್ಬರು ಮೂವರಿಗಾದರೂ ಉತ್ತರ ಹೇಳಿಕೊಂಡೇ ಹೋಗಬೇಕಾಗಿತ್ತು.

ಲೈಬ್ರರಿಯ ಮೂಲೆಯ ಕಪಾಟಿನಲ್ಲಿ ಊರಿನ ಆಯವ್ಯಯದ ದಪ್ಪ ಪುಸ್ತಕಗಳಿದ್ದವು. ಬೇರೆಯವರು ಕಾದಂಬರಿ ಓದುವ ಹಾಗೆ ಬದರಿನಾಥರು ಅವನ್ನು ಓದಿದರು. ಮೂರನೆಯ ವಾರ ಒಂದು ಪುಟದಲ್ಲಿ ಕೂಡುವ ತಪ್ಪು ಸಿಕ್ಕಿತು. ಸಂಭ್ರಮ ತಡೆಯಲಾರದೆ ಕೌಂಟರಿನ ಹೆಂಗಸಿಗೆ ತೋರಿಸಿದರು. ಆಕೆ ಡೊಲೊರೆಸ್. ವಾರಕ್ಕೆ ಹತ್ತೊಂಬತ್ತು ಗಂಟೆ ಕೆಲಸದ ಅರೆಕಾಲಿಕ ನೌಕರಳು, ಬಾಯಲ್ಲಿ ಸದಾ ಪೆಪ್ಪರ್‌ಮಿಂಟು.

"ಏಳು ವರ್ಷದಲ್ಲಿ ಈ ಪುಸ್ತಕ ತೆರೆದ ಮೊದಲನೇ ಮನುಷ್ಯ ನೀನು," ಎಂದಳು ಡೊಲೊರೆಸ್. "ಇಷ್ಟು ಇಷ್ಟ ಇದ್ದರೆ ಮುನ್ಸಿಪಾಲಿಟಿಯ ಲೆಕ್ಕದ ಕಚೇರಿಯಲ್ಲೇ ಕೆಲಸಕ್ಕೆ ಸೇರಬಾರದಾ?"

ಕೆಲಸ ಖಾಲಿ ಇದೆ ಎಂಬ ಚೀಟಿ ತಂದುಕೊಟ್ಟವಳು ಅವಳು. ಅರ್ಜಿ ಟೈಪು ಮಾಡಿದವಳೂ ಅವಳೇ. 'ಹತ್ತೊಂಬತ್ತು ವರ್ಷ ಖಜಾನೆ' ಎಂಬುದನ್ನು ಇಲ್ಲಿಯವರಿಗೆ ಅರ್ಥವಾಗುವ ಹಾಗೆ ಮೂರು ಸಲ ತಿದ್ದಿದಳು. ಕೆಲಸ ಸಿಕ್ಕಿತು. ಆ ಉಪಕಾರವನ್ನು ಬದರಿನಾಥರು ಒಂದು ದಿನವೂ ಮರೆತವರಲ್ಲ. ಪ್ರತಿ ದೀಪಾವಳಿಗೆ ಒಂದು ಡಬ್ಬ ಮೈಸೂರು ಪಾಕ್ ಲೈಬ್ರರಿಗೆ ಹೋಗುತ್ತಿತ್ತು.

ಹೀಗೆ ಹತ್ತು ವರ್ಷ ಸುಖವಾಗಿ ಕಳೆದ ಮೇಲೆ ಎರಡು ಸಾವಿರದ ಇಪ್ಪತ್ತರ ಮಾರ್ಚ್ ಬಂತು.

ಪೀಕನ್ ಬೆಂಡ್ ಬದುಕುವುದೇ ವಿಮಾನ ನಿಲ್ದಾಣದ ನೆರಳಿನಲ್ಲಿ. ವಿಮಾನ ತಪ್ಪಿಸಿಕೊಂಡವರು ಮಲಗುವ ಹೋಟೆಲು, ಅವರು ಹಿಡಿಯುವ ಬಾಡಿಗೆ ಕಾರು, ತಿನ್ನುವ ಬರ್ಗರು, ಎಲ್ಲದರಲ್ಲೂ ಊರಿಗೊಂದು ಪಾಲು. ಕೊರೋನಾ ಬಂದು ವಿಮಾನಗಳು ಸಾಲಾಗಿ ನೆಲಕ್ಕಿಳಿದು ನಿಂತವು. ಹೋಟೆಲುಗಳಲ್ಲಿ ದೀಪ ಆರಿತು. ಅದರಲ್ಲೂ ಒಂದು ವಿಚಿತ್ರ ಹಿಂಸೆ ಇತ್ತು: ಮಾರ್ಚಿನ ಮಾರಾಟ ತೆರಿಗೆ ಮೊದಲು ಆಸ್ಟಿನ್‌ನಲ್ಲಿರುವ ರಾಜ್ಯದ ಬೊಕ್ಕಸಕ್ಕೆ ಹೋಗಿ, ಅಲ್ಲಿಂದ ಊರಿನ ಪಾಲು ಮೇ ತಿಂಗಳಿಗೆ ಬರುತ್ತದೆ. ಪೆಟ್ಟು ಬಿದ್ದಿದೆ ಎಂದು ಗೊತ್ತು, ಎಷ್ಟು ಬಿದ್ದಿದೆ ಎಂದು ತಿಳಿಯಲು ಎರಡು ತಿಂಗಳು ಕಾಯಬೇಕು. ವಾಷಿಂಗ್ಟನ್‌ನವರಾದರೆ ಎಷ್ಟು ಬೇಕಾದರೂ ಸಾಲ ಎತ್ತಿಯಾರು. ಊರಿಗೆ ಆ ಭಾಗ್ಯವಿಲ್ಲ. ಬಂದಷ್ಟರಲ್ಲೇ ಖರ್ಚು ಮುಗಿಸಬೇಕು, ನಮ್ಮ ನಿಮ್ಮ ಮನೆಯ ಹಾಗೆ.

ಲೈಬ್ರರಿಗೂ ಬಾಗಿಲು ಬಿತ್ತು. ಅಲ್ಲಿನ ಆರು ಜನ ಅರೆಕಾಲಿಕ ನೌಕರರು ಮನೆಯಲ್ಲಿ ಕೂರಲಿಲ್ಲ. ಓದುವ ಮೇಜುಗಳ ಮೇಲೆ ದಿನಸಿ ಡಬ್ಬಿ ಜೋಡಿಸಿ, ಒಂಟಿಯಾಗಿದ್ದ ಮುದುಕರ ಮನೆಗಳಿಗೆ ತಲುಪಿಸಲು ಹೊರಟರು. ಮೇಲ್ವಿಚಾರಣೆಗೆ ಬದರಿನಾಥರನ್ನು ಕಳಿಸಲಾಯಿತು. ಅವರು ಹೋದ ಮೊದಲ ದಿನವೇ ಒಂದು ದಪ್ಪ ನೋಟ್‌ಬುಕ್ಕಿಗೆ ಸ್ಕೇಲು ಹಿಡಿದು ಕೆಂಪು ಗೆರೆ ಎಳೆದು ಬಾಗಿಲ ಬಳಿ ಇಟ್ಟರು.

ನಮ್ಮ ಸರ್ಕಾರಿ ಕಚೇರಿ ಕಂಡವರಿಗೆ ಅದು ಗೊತ್ತು, ಚಲನವಲನ ವಹಿ. ಕುರ್ಚಿ ಬಿಟ್ಟು ಹೊರಗೆ ಹೋಗುವ ನೌಕರ ಯಾವಾಗ ಹೊರಟ, ಎಲ್ಲಿಗೆ, ಏತಕ್ಕೆ, ಯಾವಾಗ ಮರಳಿದ ಎಂದು ಬರೆದೇ ಹೋಗಬೇಕು. ಜೊತೆಗೆ, ಜೇಬಿನಲ್ಲಿ ಎಷ್ಟು ದುಡ್ಡಿದೆ ಎಂದು ಬೆಳಿಗ್ಗೆ ಘೋಷಿಸುವ ಇನ್ನೊಂದು ಪದ್ಧತಿಯೂ ಉಂಟು, ಸಂಜೆಗೆ ಅದು ಹೆಚ್ಚಿದ್ದರೆ ಎಲ್ಲಿಂದ ಬಂತು ಎಂದು ಕೇಳುವುದಕ್ಕೆ. ಬದರಿನಾಥರು ಎರಡನ್ನೂ ಸೇರಿಸಿ ಒಂದೇ ಪುಸ್ತಕ ಮಾಡಿದ್ದರು.

ಡೊಲೊರೆಸ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಪುಸ್ತಕ ನೋಡಿದಳು. "ಬದ್ರಿ, ನನಗೆ ಯಾರು ಲಂಚ ಕೊಡುತ್ತಾರೆ? ಬಟಾಣಿ ಡಬ್ಬಿಗೆ?"

"ಬರೆದಿಟ್ಟರೆ ನಷ್ಟ ಏನು? ನನಗೆ ಅಭ್ಯಾಸ," ಎಂದರು ಬದರಿನಾಥ.

ಅವಳು ಬರೆದಳು, ಹಾಸ್ಯಕ್ಕೇ ಬರೆದಳು. 'ಹೊರಟದ್ದು 10:10. ಎಲ್ಲಿಗೆ: ಮೇಪಲ್ ರಸ್ತೆಯ ಅಜ್ಜ. ಏತಕ್ಕೆ: ಡಬ್ಬಿ, ಮತ್ತು ಅವನ ಬೆಕ್ಕಿನ ಕಥೆ ಕೇಳಲು. ಮರಳಿದ್ದು 11:25. ಜೇಬಿನಲ್ಲಿ: ನಾಲ್ಕು ಡಾಲರ್, ಒಂದು ಪೆಪ್ಪರ್‌ಮಿಂಟು.' ಉಳಿದ ಐವರೂ ಅವಳ ದಾರಿ ಹಿಡಿದರು. ನಗರಾಡಳಿತದ ಕಚೇರಿಯಲ್ಲಿ ಈ ಪುಸ್ತಕದ ಸುದ್ದಿ ಹೇಳಿಕೊಂಡು ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ಮೇ ತಿಂಗಳಲ್ಲಿ ಆಸ್ಟಿನ್‌ನಿಂದ ಲೆಕ್ಕ ಬಂತು, ನಗು ನಿಂತಿತು. ಊರಿನ ಆಡಳಿತ ನೋಡಿಕೊಳ್ಳುವ ಮ್ಯಾನೇಜರ್ ವಾಂಡಾ, ಎಲ್ಲೆಲ್ಲಿ ಕತ್ತರಿ ಹಾಕಬಹುದು ಎಂದು ಪಟ್ಟಿ ಕೇಳಿದಳು. ಬದರಿನಾಥರು ರಸ್ತೆ ರಿಪೇರಿ ಮುಂದೂಡಿದರು, ಹೊಸ ಪೊಲೀಸ್ ಕಾರು ಬೇಡವೆಂದರು, ಉದ್ಯಾನದ ಹೂವನ್ನೂ ಬಿಡಲಿಲ್ಲ. ಆದರೂ ಕೊರತೆ ಮುಚ್ಚಲಿಲ್ಲ. ಕೊನೆಗೆ ಉಳಿದದ್ದು ಮುಚ್ಚಿದ ಲೈಬ್ರರಿಯ ಆರು ಅರೆಕಾಲಿಕ ನೌಕರಿ. ಆರನೆಯ ಹೆಸರು ಟೈಪು ಮಾಡುವಾಗ ಅವರ ಬೆರಳು ನಿಂತಿತು. ತಮ್ಮ ಅರ್ಜಿ ಟೈಪು ಮಾಡಿಕೊಟ್ಟ ಕೈಗೆ ತಾವೇ ಕೆಲಸವಿಲ್ಲವೆಂದು ಟೈಪು ಮಾಡಬೇಕಾಗಿತ್ತು. ಮಾಡಿದರು. ಪಟ್ಟಿಗೆ ಊರಿನ ಚುನಾಯಿತ ಕೌನ್ಸಿಲ್ ಒಪ್ಪಿಗೆ ಬೀಳುವುದು ಆಗಸ್ಟಿನಲ್ಲಿ, ಅಲ್ಲಿಯವರೆಗೆ ಆರೂ ಜನ ಡಬ್ಬಿ ಹಂಚುತ್ತಲೇ ಇರುತ್ತಾರೆ.

ಜೂನ್‌ನಲ್ಲಿ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲಾಡಳಿತದ, ಮೂಲಕ ಕೇಂದ್ರದ ಪರಿಹಾರದ ಹಣ ಬಂತು, ತಲೆಗೆ ಐವತ್ತೈದು ಡಾಲರಿನಂತೆ. ಹನ್ನೆರಡು ಸಾವಿರ ತಲೆಗೆ ಆರು ಲಕ್ಷ ಅರವತ್ತು ಸಾವಿರ. ಷರತ್ತು ಎರಡು: ತೆರಿಗೆ ಕೊರತೆ ತುಂಬಲು ಬಳಸಕೂಡದು, ರೋಗದ ಖರ್ಚಿಗೆ ಮಾತ್ರ. ಮತ್ತು ವರ್ಷದ ಕೊನೆಯೊಳಗೆ ಮುಗಿಸದಿದ್ದರೆ ಉಳಿದದ್ದು ವಾಪಸ್ಸು.

ವಾಪಸ್ಸು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬದರಿನಾಥರ ಮೈಮೇಲೆ ಹಳೇ ಖಜಾನೆ ಬಂದುಬಿಟ್ಟಿತು. ಮಾರ್ಚ್ ಮೂವತ್ತೊಂದು ಎಂದರೇನು ಎಂದು ಅವರಿಗೆ ತಿಳಿಯದೇ? ಅನುದಾನ ಕೈತಪ್ಪಿ ಹೋಗುತ್ತದೆಂದು ಇಲಾಖೆಗಳು ಕೊನೆಯ ವಾರ ಕುರ್ಚಿ, ಬೀರು, ಬಕೆಟ್ಟು, ಸಿಕ್ಕಿದ್ದೆಲ್ಲ ಕೊಳ್ಳುತ್ತಿದ್ದವು. ಬಿಲ್ಲಿನ ಕಟ್ಟು ಹೊತ್ತವರು ಖಜಾನೆಯ ಮೆಟ್ಟಿಲ ಮೇಲೆ ಸಾಲು ನಿಲ್ಲುತ್ತಿದ್ದರು. ಒಂದು ರೂಪಾಯಿ ಹಿಂದಕ್ಕೆ ಹೋದರೂ ಮರ್ಯಾದೆ ಹೋದ ಲೆಕ್ಕ. ಡಿಸೆಂಬರ್ ಇನ್ನೂ ಆರು ತಿಂಗಳಿದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಒಂಬತ್ತೇ ದಿನದಲ್ಲಿ ಪೂರ್ತಿ ಹಣಕ್ಕೂ ಖರೀದಿ ಆದೇಶ ಬರೆದು ಮುಗಿಸಿದರು. ಗಾಜಿನ ತಡೆ, ಲ್ಯಾಪ್‌ಟಾಪು, ಜ್ವರ ನೋಡುವ ಯಂತ್ರ. ಕೊನೆಗೆ ಅರವತ್ತನಾಲ್ಕು ಸಾವಿರ ಉಳಿಯಿತು. ಅದಕ್ಕೆ ಹ್ಯೂಸ್ಟನ್‌ನ ವ್ಯಾಪಾರಿಯೊಬ್ಬನಿಂದ, ಡ್ರಮ್ಮಿಗೆ ಸಾವಿರದಂತೆ, ಅರವತ್ತನಾಲ್ಕು ಡ್ರಮ್ಮು ಸ್ಯಾನಿಟೈಸರ್.

"ಅಷ್ಟೊಂದು ಯಾಕ್ರೀ?" ಎಂದರು ರಾಜಲಕ್ಷ್ಮಿ. "ಊರನ್ನೇ ಅದರಲ್ಲಿ ಅದ್ದಿ ತೆಗೀತೀರಾ?"

"ನಿನಗೆ ಗೊತ್ತಾಗಲ್ಲ ಬಿಡು, ಲ್ಯಾಪ್ಸ್ ಆಗ್ಬಾರ್ದು," ಎಂದು ಬದರಿನಾಥರು ಬೀಗಿದರು.

ಬೀಗಿದ್ದು ಹೆಚ್ಚು ದಿನ ಉಳಿಯಲಿಲ್ಲ. ಜುಲೈನಲ್ಲಿ ಕೌಂಟಿಯವರು ಜೂಮ್‌ನಲ್ಲಿ ಊರುಗಳ ಲೆಕ್ಕದವರನ್ನೆಲ್ಲ ಕೂರಿಸಿಕೊಂಡು ನಿಯಮ ವಿವರಿಸಿದರು. ನೌಕರರನ್ನು ಅವರ ಕೆಲಸ ಬಿಡಿಸಿ, ಪೂರ್ತಿ ಬೇರೆಯಾದ ರೋಗಕಾಲದ ಕೆಲಸಕ್ಕೆ ಹಚ್ಚಿದ್ದರೆ ಅವರ ಸಂಬಳವನ್ನು ಈ ಹಣದಲ್ಲೇ ಕೊಡಬಹುದು. ದಿನದಿನದ ದಾಖಲೆ ಮಾತ್ರ ಬೇಕು. ಬೇರೆ ಊರಿನವರೆಲ್ಲ ದಾಖಲೆ ಎಲ್ಲಿಂದ ತರುವುದೆಂದು ತಲೆ ಕೆರೆದುಕೊಂಡರು. ಬದರಿನಾಥರ ಬಳಿ ದಾಖಲೆ ಇತ್ತು, ಬೆಕ್ಕಿನ ಕಥೆ ಸಮೇತ ಇತ್ತು. ಏಪ್ರಿಲ್‌ನಿಂದ ಡಿಸೆಂಬರಿಗೆ ಆರು ಜನರ ಸಂಬಳ ಅರವತ್ತೆರಡು ಸಾವಿರ. ಇಲ್ಲದ್ದು ಹಣ ಒಂದೇ. ಅದನ್ನು ಅವರು ಡ್ರಮ್ಮಿನಲ್ಲಿ ತುಂಬಿಸಿಬಿಟ್ಟಿದ್ದರು.

ಎರಡು ದಿನ ಇಂಗು ತಿಂದ ಮಂಗನ ಹಾಗೆ ಓಡಾಡಿದರು. ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಡ್ರಮ್ಮು ಕೊಂಡದ್ದು ಅಕ್ರಮವೂ ಅಲ್ಲ. ಬಾಯಿ ಬಿಟ್ಟರೆ, ಹತ್ತು ವರ್ಷದಲ್ಲಿ ಗಳಿಸಿದ 'ಬದ್ರಿ ತಪ್ಪು ಮಾಡುವುದಿಲ್ಲ' ಎಂಬ ಹೆಸರು ಹೋಗುತ್ತದೆ. ಮೂರನೆಯ ದಿನ ಕಾಫಿ ಲೋಟ ಮುಂದಿಟ್ಟು ರಾಜಲಕ್ಷ್ಮಿ ಕೇಳಿದರು, "ಏನಾಯ್ತು ಹೇಳ್ಬಿಡಿ ಅತ್ಲಾಗೆ." ಎಲ್ಲ ಕೇಳಿಸಿಕೊಂಡು, "ಮರ್ಯಾದೆ ಹೋದ್ರೆ ಮತ್ತೆ ಸಂಪಾದಿಸ್ಬಹುದು ಕಣ್ರೀ. ಡೊಲೊರೆಸ್‌ಗೆ ಅರವತ್ತೇಳು. ಈ ವಯಸ್ಸಲ್ಲಿ, ಈ ಕಾಲದಲ್ಲಿ, ಅವಳಿಗೆ ಇನ್ನೆಲ್ಲಿ ಕೆಲಸ ಸಿಗತ್ತೆ?" ಎಂದರು.

ಬದರಿನಾಥರು ಅಂದೇ ವಾಂಡಾಳ ಮುಂದೆ ನಿಂತರು. ಅವಳು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದಳು, "ಆರ್ಡರ್ ರದ್ದು ಮಾಡಿಸಿಕೊಂಡು ಬಾ. ಆಮೇಲೆ ಕೌನ್ಸಿಲ್ ಮುಂದೆ ನೀನೇ ವಿವರಣೆ ಕೊಡಬೇಕು. ನಾನು ಕೊಡುವುದಿಲ್ಲ."

ವ್ಯಾಪಾರಿ ಫೋನು ಎತ್ತಲಿಲ್ಲ. ಬದರಿನಾಥರು ಕಾರು ಹತ್ತಿದರು. ಎರಡು ಮಾಸ್ಕು, ಮೊಸರನ್ನದ ಡಬ್ಬಿ, ನಾಲ್ಕು ಗಂಟೆಯ ಹೆದ್ದಾರಿ. ದಾರಿಯುದ್ದಕ್ಕೂ ಗೋಗರೆಯುವ ಮಾತನ್ನೇ ಅಭ್ಯಾಸ ಮಾಡಿಕೊಂಡು ಹೋದರು. ಹ್ಯೂಸ್ಟನ್‌ನ ಗೋದಾಮಿನಲ್ಲಿ ಆ ಮಾತಿಗೆ ಕೆಲಸವೇ ಬೀಳಲಿಲ್ಲ. ಅಲ್ಲಿ ರೋಗ ಏರುತ್ತಿದ್ದ ದಿನಗಳವು, ಆಸ್ಪತ್ರೆಗಳು ಸಾಲುಗಟ್ಟಿ ಕಾಯುತ್ತಿದ್ದವು.

"ಬೇಡವಾ? ನಿಜವಾಗಿ ಬೇಡವಾ?" ವ್ಯಾಪಾರಿ ಅಪ್ಪಿಕೊಳ್ಳುವುದೊಂದು ಬಾಕಿ. ನಾಲ್ಕು ಡ್ರಮ್ಮು ಆಗಲೇ ಪೀಕನ್ ಬೆಂಡಿಗೆ ಹೊರಟುಹೋಗಿದ್ದವು. ಉಳಿದ ಅರವತ್ತನ್ನು ನಿಂತ ನಿಲುವಿನಲ್ಲೇ ರದ್ದು ಮಾಡಿಕೊಟ್ಟ. ಅರವತ್ತು ಸಾವಿರ ಕೈಗೆ ಬಂತು. ಇನ್ನೆರಡು ಸಾವಿರ ವಾಂಡಾಳ ಪ್ರವಾಸದ ಲೆಕ್ಕದಿಂದ, ಆ ವರ್ಷ ಅವಳಾದರೂ ಎಲ್ಲಿಗೆ ಹೋಗುತ್ತಿದ್ದಳು!

ಉಳಿದದ್ದು ಕೌನ್ಸಿಲ್. ಅದು ಒಪ್ಪಿದರೆ ಮಾತ್ರ ಆರು ಹೆಸರು ಕತ್ತರಿಯ ಪಟ್ಟಿಯಿಂದ ಹೊರಗೆ. ಪಟ್ಟಿಯನ್ನು ನಿಯಮದಂತೆ ಮೂರು ದಿನ ಮೊದಲೇ ಊರಿಗೆಲ್ಲ ಕಾಣುವ ಹಾಗೆ ಹಾಕಿದ್ದರು. ಡೊಲೊರೆಸ್ ಓದಿರಲೇಬೇಕು. ಆದರೂ ಅವಳು ಎಂದಿನಂತೆ ಪುಸ್ತಕದಲ್ಲಿ ಬರೆದು ಡಬ್ಬಿ ಹೊತ್ತು ಹೊರಟಳು. ಅದು ಬದರಿನಾಥರನ್ನು ಇನ್ನಷ್ಟು ಕೊರೆಯಿತು.

ಆಗಸ್ಟಿನ ಮಂಗಳವಾರ ಸಂಜೆ, ಜೂಮ್ ಪರದೆಯ ಮೇಲೆ ಏಳು ಜನ ಸದಸ್ಯರು. ಒಬ್ಬ ಸದಸ್ಯ ನೇರವಾಗಿಯೇ ಕೇಳಿದ, "ಹನ್ನೆರಡು ಸಾವಿರ ಜನಕ್ಕೆ ಅರವತ್ತನಾಲ್ಕು ಡ್ರಮ್ಮು ಕೊಂಡದ್ದಾದರೂ ಯಾಕೆ?"

ಬದರಿನಾಥರು ಬರೆದುಕೊಂಡಿದ್ದ ಹಾಳೆ ಪಕ್ಕಕ್ಕಿಟ್ಟರು. "ಭಯಕ್ಕೆ ಕೊಂಡೆ. ನಾನು ಬೆಳೆದ ಕಚೇರಿಯಲ್ಲಿ ಹಣ ಉಳಿಸಿದವನಿಗೆ ಶಿಕ್ಷೆ, ಮುಗಿಸಿದವನಿಗೆ ಶಭಾಷ್. ಅದೇ ಅವಸರವನ್ನು ಇಲ್ಲಿಗೂ ತಂದೆ. ತಪ್ಪು ನನ್ನದು. ಆದರೆ ಅದೇ ಕಚೇರಿಯಿಂದ ಇನ್ನೊಂದನ್ನೂ ತಂದಿದ್ದೇನೆ," ಎಂದು ನೋಟ್‌ಬುಕ್ಕನ್ನು ಕ್ಯಾಮೆರಾಕ್ಕೆ ಹಿಡಿದು ಓದತೊಡಗಿದರು. ಯಾರ ಮನೆ, ಎಷ್ಟು ಹೊತ್ತಿಗೆ, ಏತಕ್ಕೆ. ಮೇಪಲ್ ರಸ್ತೆಯ ಅಜ್ಜ ಬಾಗಿಲು ತೆರೆಯದಿದ್ದಾಗ ಡೊಲೊರೆಸ್ ಆಂಬುಲೆನ್ಸ್ ಕರೆಸಿದ ದಿನ. ಜೇಬಿನಲ್ಲಿ ಮೂರು ಡಾಲರ್. ಪರದೆಯಲ್ಲಿ ಯಾರೂ ನಗಲಿಲ್ಲ. ಕೌಂಟಿ ಈ ಪುಸ್ತಕವನ್ನು ದಾಖಲೆಯಾಗಿ ಒಪ್ಪಿದೆ ಎಂದು ವಾಂಡಾ ಒಂದೇ ಸಾಲು ಸೇರಿಸಿದಳು. ಐದು ಮತ ಪರ, ಎರಡು ವಿರುದ್ಧ.

ಬದರಿನಾಥರ ಕಣ್ಣು ತುಂಬಿತು. ರಾಜಲಕ್ಷ್ಮಿ ಬಾಗಿಲಲ್ಲಿ ನಿಂತು, "ಮೊದಲು ಮೈಕ್ ಆಫ್ ಮಾಡಿ," ಎಂದರು.

ಮರುದಿನ ಬೆಳಿಗ್ಗೆ ಬೇಗನೆ ಹೋಗಿ ನೋಟ್‌ಬುಕ್ಕನ್ನು ಅದರ ಜಾಗದಲ್ಲಿಟ್ಟು, ಹಿಂದಿನ ದಿನದ ಪುಟ ತಿರುವಿದರು. ಕಡೆಯ ಸಾಲು ಡೊಲೊರೆಸಳದು. ಸಭೆಗೆ ಮುಂಚೆ ಮನೆಗೆ ಹೋಗುವಾಗ ಬರೆದದ್ದು: 'ಹೊರಟದ್ದು 4:30. ಎಲ್ಲಿಗೆ: ಮನೆ. ಏತಕ್ಕೆ: ಅದು ಕೌನ್ಸಿಲ್‌ಗೇ ಗೊತ್ತು.' ಮರಳಿದ ವೇಳೆಯ ಅಂಕಣ ಖಾಲಿ. ಸಂಜೆ ಮನೆಗೆ ಹೊರಡುವುದನ್ನು ಯಾರೂ ಆ ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ. ಅವಳು ಬೇಕೆಂದೇ ಬರೆದಿದ್ದಳು.

ಎಂಟು ಐವತ್ತೈದಕ್ಕೆ ಡೊಲೊರೆಸ್ ಬಂದಳು. ಬದರಿನಾಥರು ಪುಸ್ತಕವನ್ನು ಅವಳತ್ತ ತಿರುಗಿಸಿದರು. ಅವಳು ಪೆನ್ನು ತೆಗೆದುಕೊಂಡು, ಖಾಲಿ ಬಿಟ್ಟಿದ್ದ ಅಂಕಣದಲ್ಲಿ 'ಮರಳಿದ್ದು 8:55' ಎಂದು ಬರೆದಳು. ಆಮೇಲೆ ಜೇಬಿನಿಂದ ಎರಡು ಪೆಪ್ಪರ್‌ಮಿಂಟು ತೆಗೆದು, ಒಂದನ್ನು ಪುಸ್ತಕದ ಮೇಲಿಟ್ಟಳು.

"ಇದು ಲಂಚ, ಬದ್ರಿ. ಬರೆದುಕೋ."

ಅವರು ಬರೆದುಕೊಂಡರು, ತಮ್ಮ ಹೆಸರಿನ ಮುಂದೆ, ಕೆಂಪು ಶಾಯಿಯಲ್ಲಿ. ಕೆಳಗೆ ಸಹಿ ಹಾಕಿ ತಾರೀಖು ನಮೂದಿಸಿದರು.