ಸುಳ್ಳಲ್ಲದ ಆಣೆ

ಅವಿನಾಶನ ಸಿಟ್ಟು ಸದಾ ಮೂಗಿನ ತುದಿಯಲ್ಲೇ. ಹುಮನಾಬಾದಿನ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುವ ಅವನು ಗಿರಾಕಿಗಳ ಮೇಲೂ ಹರಿಹಾಯುವವನೇ. ಬಸವಕಲ್ಯಾಣದ ಕಿರಾಣಿ ಅಂಗಡಿಯ ಗುರುಲಿಂಗನ ಮುಂದೆ ಮಾತ್ರ ಬೆಣ್ಣೆಯಾಗುತ್ತಿದ್ದ. ಅವರಿಬ್ಬರ ಪ್ರೀತಿಗೆ ಎರಡು ವರ್ಷ. ಗಂಡಸರಿಬ್ಬರು ಒಂದೇ ತಾಟಿನಲ್ಲಿ ಉಂಡರೆ ನಮ್ಮ ಕಡೆ ಯಾರೂ ಏನೂ ಅನ್ನುವುದಿಲ್ಲ.

ಇಂಥ ಹುಡುಗರನ್ನು ಕೂಡಿಸಿಕೊಂಡು ಬುದ್ಧಿ ಹೇಳುತ್ತಿದ್ದವಳು ಮಂಗಳಮುಖಿ ಪೂನಂ. "ಪ್ರೀತಿ ಮಾಡ್ರಿ, ಯಾರ ಬ್ಯಾಡಂದಾರ? ಮೊದಲ ಇಬ್ರೂ ರಕ್ತ ತೋರಿಸ್ರಿ. ಅಲ್ಲೀತನಕ ನಿರೋಧ ಬಿಡಬ್ಯಾಡ್ರಿ" ಎಂದಿದ್ದಳು. ಅವಿನಾಶ ಇದನ್ನು ಹೇಳಿದಾಗ ಗುರುಲಿಂಗನ ಮುಖ ಕಪ್ಪಿಟ್ಟಿತು. ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು, "ಯಾವ ಹೆಣ್ಣಿನ ಸನೇಕೂ ಹೋದವ ಅಲ್ಲ ನಾ. ಇನ್ನೂ ನಂಬಿಗಿ ಇಲ್ಲೇನು?" ಎಂದ. ಲಿಂಗ ಮುಟ್ಟಿ ಆಡಿದ ಮೇಲೆ ಎದುರು ಮಾತಿಲ್ಲ. ಅಂದಿನಿಂದ ನಿರೋಧವೂ ಬಿಟ್ಟುಹೋಯಿತು.

ಮೊನ್ನೆ ಪೂನಂಳ ಒತ್ತಾಯಕ್ಕೆ ಅವಿನಾಶನೊಬ್ಬನೇ ಪರೀಕ್ಷೆಗೆ ರಕ್ತ ಕೊಟ್ಟ. ಎಚ್‌ಐವಿ ಇತ್ತು. "ದಿನಾ ಗುಳಿಗಿ ನುಂಗು, ನನಗಿಂತ ಹೆಚ್ಚ ಬಾಳ್ತಿ" ಎಂದು ಪೂನಂ ಬೆನ್ನು ಸವರಿದಳು. ಅವನಿಗೆ ಮೈಯೆಲ್ಲ ಉರಿ. ಗುರುಲಿಂಗನನ್ನು ಬಿಟ್ಟು ಯಾರನ್ನೂ ಮುಟ್ಟಿದವನಲ್ಲ ಅವನು. ಸಿಕ್ಕ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋದವನೇ ಗುರುಲಿಂಗನನ್ನು ಅಂಗಡಿಯ ಹಿಂದಿನ ಗೋದಾಮಿಗೆ ಎಳೆದ.

"ನನಗ ಎಚ್‌ಐವಿ ಅದ. ಸುಳ್ಳ ಆಣಿ ಮಾಡಿದ್ಯಾ?"

"ಯಾಕ ಸುಳ್ಳ? ಹೆಂಗಸ್ರ ಕಡೆ ಹೋಗೇ ಇಲ್ಲ."

"ಗಂಡಸ್ರು?"

ಗುರುಲಿಂಗ ಕಣ್ಣು ಪಿಳುಕಿಸಿದ. "ಅದು ನಿನಗಿಂತ ಮೊದಲ. ಬರೇ ಮಸ್ತಿ. ಅದರಿಂದ ಹ್ಯಾಂಗ ಬರ್ತದ? ದವಾಖಾನಿ ಗ್ವಾಡಿ ಮ್ಯಾಲ ಗಂಡ-ಹೆಂಡ್ತಿ ಚಿತ್ರನೇ ಇರ್ತಾವಲ್ಲ."

ಆಣೆ ಸುಳ್ಳಾಗಿರಲಿಲ್ಲ. ಅದೇ ಅವಿನಾಶನ ಹೊಟ್ಟೆಗೆ ಬೆಂಕಿ ಹಾಕಿತು. ಸುಳ್ಳಾಡಿದ್ದರೆ ಎರಡು ಬಿಗಿದು ಬರಬಹುದಿತ್ತು. ಶಾಲೆ, ಮನೆ, ದವಾಖಾನೆ ಎಲ್ಲ ಸೇರಿ ಗಂಡಸರ ನಡುವಿನ ವಿಷಯಕ್ಕೆ ಬಾಯಿಗೆ ಬೀಗ ಜಡಿದುಕೊಂಡರೆ ಯಾರ ಕಪಾಳಕ್ಕೆ ಹೊಡೆಯುವುದು? ಮೇಲಾಗಿ ಗುರುಲಿಂಗನಿಗೆ ಬೇಮಳಖೇಡದ ಹೆಣ್ಣು ನಿಶ್ಚಯವಾಗಿತ್ತು.

"ಆ ಹುಡಿಗಿ ಮುಂದನೂ ಇದೇ ಆಣಿ ಮಾಡ್ತಿ ಏನು? ನಡಿ, ರಕ್ತ ಕೊಡು" ಎಂದು ಗುರುಲಿಂಗನನ್ನು ದವಾಖಾನೆಗೆ ಎಳೆದುಕೊಂಡು ಹೋದ.

ಪರೀಕ್ಷೆಯ ಕೋಣೆಯಲ್ಲಿ ಒಬ್ಬನೇ ಕುಳಿತಿದ್ದ ನೌಕರ ತಲೆ ಎತ್ತದೆ ಕೇಳಿದ: "ಹೆಂಗಸ್ರ ಸಹವಾಸ ಅದ ಏನು?"

"ಇಲ್ರಿ," ಎಂದ ಗುರುಲಿಂಗ.

"ಮತ್ತ್ಯಾಕ ಬಂದಿ? ನಿನಗೇನೂ ಆಗಿಲ್ಲ, ಹೋಗು."

ಗುರುಲಿಂಗನಿಗೆ ಹೋದ ಜೀವ ಬಂದಂತಾಯಿತು. ಎದ್ದೇಬಿಟ್ಟ. ಅವಿನಾಶ ಬಾಗಿಲಿಗೆ ಅಡ್ಡ ನಿಂತ.

"ಗಂಡಸ್ರ ಬಗ್ಗೆ ಕೇಳ್ರಿ ಸಾಹೇಬ್ರ. ಇವನ ಜೋಡಿ ಮಲಗಿದವ ನಾನೇ. ನನಗ ಎಚ್‌ಐವಿ ಅದ. ಈಗರೆ ಸೂಜಿ ತಗೀರಿ."

ನೌಕರ ಈಗ ತಲೆ ಎತ್ತಿದ. ಗುರುಲಿಂಗ ಮತ್ತೆ ಕುಳಿತು, ಯಾರನ್ನೂ ನೋಡದೆ, ಅಂಗಿಯ ತೋಳು ಮಡಚತೊಡಗಿದ.