ಬ್ಯಾಟರಾಯಪ್ಪನವರ ಫಿಲ್ಟರ್

ತಿಂಗಳ ಮೊದಲ ಭಾನುವಾರ ಅಲ್ಲಾಳಸಂದ್ರದ ಬ್ಯಾಟರಾಯಪ್ಪನವರನ್ನು ಹುಡುಕಿಕೊಂಡು ಹೋದವರಿಗೆ ಮೊದಲು ಕಾಣುವುದು ಅವರ ಕಾಲು. ತಲೆ ಕಾರಿನ ಡ್ಯಾಶ್‌ಬೋರ್ಡಿನ ಕೆಳಗಿರುತ್ತದೆ. ಎ.ಸಿ. ಗಾಳಿ ಸೋಸುವ ಫಿಲ್ಟರನ್ನು ಬೇರೆಯವರು ವರ್ಷಕ್ಕೊಮ್ಮೆ ಬದಲಿಸಿದರೆ ಇವರು ತಿಂಗಳಿಗೊಮ್ಮೆ ಬದಲಿಸುತ್ತಾರೆ. ಹಳೆಯದನ್ನು ಗೇಟಿನ ಮೇಲಿಟ್ಟು, ಎದುರಿಗೆ ಮನೆ ಕಟ್ಟಿಸುತ್ತಿರುವ ಸೋಮನಾಥನನ್ನು ಕರೆದು ಧೂಳಿನ ಜಾತಕ ಹೇಳುತ್ತಾರೆ: “ಈ ಕರೀದು ಹೆಬ್ಬಾಳದ ಟ್ರಾಫಿಕ್ ಹೊಗೇದು. ಈ ಕೆಂಪ್ದು ನಿಮ್ಮನೆ ಪಾಯದ್ದು ಕಣ್ರೀ.” ಕಾರು ಹತ್ತುವವರು ಚಪ್ಪಲಿ ಬಿಚ್ಚಬೇಕು. ಆಯುಧಪೂಜೆಯಂದು ಕರ್ಪೂರದ ಹೊಗೆ ಕಾರಿನೊಳಗೆ ಹೋಗದಂತೆ ಪುರೋಹಿತರನ್ನು ರಸ್ತೆಯ ಆಚೆ ಬದಿಗೆ ನಿಲ್ಲಿಸಿ, ಅಲ್ಲಿಂದಲೇ ಮಂಗಳಾರತಿ ಎತ್ತಿಸಿದ್ದರು. “ಕಾರಿಗೂ ಒಂದ್ ಮಾಸ್ಕ್ ಹಾಕ್ರಿ ಸರ,” ಎಂದು ಸೋಮನಾಥ ಛೇಡಿಸಿದರೆ, “ಸೈಜ್ ಸಿಗ್ತಿಲ್ಲ,” ಎನ್ನುತ್ತಾರೆ. ಹೊಸ ಫಿಲ್ಟರ್ ಹಾಕಿದ ಮೇಲೆ ಹೆಂಡತಿ ಗೋಪಾಲಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಾಜು ಏರಿಸಿ, ಸ್ವಲ್ಪ ಹೊತ್ತು ಎ.ಸಿ. ಓಡಿಸಿ, ಆಮೇಲೆ ಎಲ್ಲವನ್ನೂ ಆರಿಸಿ ಕಿವಿಗೊಡುತ್ತಾರೆ. ಕಾರಿನಲ್ಲಿ ಏನೋ ಸದ್ದು ಹುಡುಕುತ್ತಿದ್ದಾರೆಂದು ಬೀದಿಯವರು ನಂಬಿದ್ದಾರೆ. ಅವರು ಆಲಿಸುವುದು ಉಬ್ಬಸದ ಗೋಪಾಲಮ್ಮನ ಎದೆಯೊಳಗಿನ ಶಿಳ್ಳೆಯನ್ನು. ಅದು ಕೇಳಿಸಿದರೆ ಅಂದು ಮಗಳ ಮನೆಗೆ ಹೋಗುವಂತಿಲ್ಲ. ಈ ಭಾನುವಾರ ಕೇಳಿಸಲಿಲ್ಲ. “ಏನ್ ಕಂಡ್ಹಿಡಿದ್ರಿ?” ಎಂದು ಆಕೆ ಕೇಳಿದರು. “ಏನಿಲ್ಲ, ಬೆಲ್ಟ್ ಹಾಕ್ಕೋ,” ಎಂದ ಬ್ಯಾಟರಾಯಪ್ಪನವರು ಕಾರನ್ನು ಹುಣಸಮಾರನಹಳ್ಳಿಯ ಮಗಳ ಮನೆಯ ಕಡೆಗೆ ತಿರುಗಿಸಿದರು.