ನಳಿಗೆಯಲ್ಲಿ ಕಂಡ ಕಾಮಣಿ

ಆಗ ನಾನು ದಾಂಡೇಲಿಯ ಒಂದು ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದೆ. ಸಾಂಬ್ರಾಣಿ ಊರಿನ ಹೆಣ್ಣುಮಗಳೊಬ್ಬಳು ಗಂಡನನ್ನು ಕರೆತಂದಳು. ಅವನ ಕಣ್ಣು, ಉಗುರೆಲ್ಲ ಅರಿಶಿನ; ಕಾಮಾಲೆ, ಅವರ ಮಾತಿನಲ್ಲಿ ಕಾಮಣಿ. ನಡುಗುತ್ತಿದ್ದನೆಂದು ದವಾಖಾನೆಯ ಕಂಬಳಿ ಹೊದಿಸಿ ರಕ್ತ ತೆಗೆದೆ. ಗಾಜಿನ ನಳಿಗೆಯಲ್ಲಿ ರಕ್ತ ಕೆಳಗಿಳಿದು, ಮೇಲೆ ಗಾಢ ಹಳದಿ ನೀರು ನಿಂತಿತು. ಆ ಹಳದಿ ಹೆಚ್ಚಿದಷ್ಟೂ ಲಿವರ್ ಕೆಟ್ಟಿದೆ ಎಂದರ್ಥ.

ಆಕೆ ನಳಿಗೆಗೇ ಕೈಮುಗಿದಳು. "ಬಂತ್ರೀ! ಕಾಮಣಿ ಹೊರಗ ಬಂತು!"

ಅವರ ಊರಲ್ಲಿ ನಾಟಿ ಔಷಧ ಕೊಡುವವರು ರೋಗಿಯ ಕೈಯನ್ನು ಸುಣ್ಣದ ನೀರಲ್ಲಿ ತಿಕ್ಕುತ್ತಾರೆ. ನೀರು ಹಳದಿಯಾದರೆ ಕಾಮಣಿ ಇಳಿದಂತೆ.

"ಇಲ್ಲವ್ವಾ, ಒಳಗ ಎಷ್ಟೈತಿ ಅನ್ನೂದನ್ನ ಇದು ತೋರಸ್ತೈತಿ," ಅಂದೆ.

"ಹಂಗಾರ ಉಳದದ್ದೂ ತಗೀರಿ."

ನಾನು ನಕ್ಕುಬಿಟ್ಟೆ. ಡಾಕ್ಟರು ಬಿಡಿಸಿ ಹೇಳುತ್ತಾರೆಂದು ರಿಪೋರ್ಟು ಬರೆಯಲು ಕುಳಿತೆ. ನನ್ನ ನಗುವನ್ನು ಆಕೆ ಎಲ್ಲ ಇಳಿಯಿತೆಂದೇ ತಿಳಿದಳೋ ಏನೋ, ಡಾಕ್ಟರು ಕರೆಯುವಷ್ಟರಲ್ಲಿ ಗಂಡನನ್ನು ಕಂಬಳಿಸಮೇತ ಬಸ್ಸು ಹತ್ತಿಸಿದ್ದಳು.

ಹದಿನೈದು ದಿನಕ್ಕೆ ಒಬ್ಬಳೇ ಬಂದಳು. ಹಣೆಯಲ್ಲಿ ಕುಂಕುಮವಿರಲಿಲ್ಲ. ಕಂಬಳಿಯನ್ನು ಒಗೆದು ಮಡಚಿ ತಂದಿದ್ದಳು.

"ಒಳಗ ಸ್ವಲ್ಪ ಉಳದಿತ್ತು ಅಂತ ಕಾಣ್ತೈತ್ರಿ," ಎಂದಳು, ನನಗೇ ಸಮಾಧಾನ ಹೇಳುವಂತೆ.

ಅಂದಿನ ನನ್ನ ರಿಪೋರ್ಟಿನಲ್ಲಿ ಒಂದಂಕಿಯೂ ತಪ್ಪಿರಲಿಲ್ಲ. ಡಾಕ್ಟರು ಶಹಬ್ಬಾಸ್ ಅಂದಿದ್ದರು.